ಫಹಲ್: ಮರಳುನಾಡಿನ ಬೀಜದ ಒಂಟೆ

ಡಿಸೆಂಬರಿನ ಮುಂಜಾವಿನಲ್ಲಿ ಮದೀನತ್ ಜಾಯೆದ್‌ನ ಮರಳು ತಣ್ಣಗಿರುತ್ತದೆ. ಅಬುಧಾಬಿ ನಗರದಿಂದ ನೈರುತ್ಯಕ್ಕೆ ಎರಡು ತಾಸಿನ ದಾರಿ ಇದು. ಇಲ್ಲಿಂದ ಮುಂದೆ ಲಿವಾದ ಖರ್ಜೂರದ ತೋಟಗಳು, ಅದರಾಚೆ ರುಬ್ ಅಲ್ ಖಾಲಿ ಎಂಬ ದೊಡ್ಡ ಮರುಭೂಮಿ. ಉಳಿದ ದಿನಗಳಲ್ಲಿ ಸದ್ದಿಲ್ಲದೆ ಬಿದ್ದಿರುವ ಈ ಬಯಲು, 2008ರಿಂದೀಚೆಗೆ ಚಳಿಗಾಲದಲ್ಲಿ ಅಲ್ ಧಫ್ರಾ ಉತ್ಸವಕ್ಕೆ ಎದ್ದು ನಿಲ್ಲುತ್ತದೆ. ಸಾವಿರಾರು ಒಂಟೆಗಳು ಬರುತ್ತವೆ. ಬಿಳಿ ಕಂದೂರ ತೊಟ್ಟ ಯಜಮಾನರು ದೊಡ್ಡ ಗಾಡಿಗಳಲ್ಲಿ ಮುಂದೆ ಮುಂದೆ, ಹಿಂಡುಗಳು ಹಿಂದೆ ಹಿಂದೆ. ಅವು ಮೆರವಣಿಗೆ ಹೋಗುವ ಉದ್ದನೆಯ ರಸ್ತೆಗೆ ‘ಮಿಲಿಯನ್ ರಸ್ತೆ’ ಎಂದೇ ಹೆಸರು. ಒಂದೊಂದು ಒಂಟೆಗೆ ಲಕ್ಷಾಂತರ ದಿರ್ಹಮ್‌ಗಳ ಬೆಲೆ ಇಲ್ಲಿಯೇ ಮಾತಾಗುತ್ತದೆ.

ಬಿಸಿಲು ಏರುತ್ತಿದ್ದಂತೆ ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಜೇನಿನ ಬಣ್ಣದವು, ಕೆಂಪು ಮಿಶ್ರಿತ ಕಂದು ಬಣ್ಣದವು, ಮರಳಿನಲ್ಲಿ ಕರಗಿಹೋಗುವಷ್ಟು ತಿಳಿ ಹಳದಿಯವು. ಇವು ಅಸಾಯಿಲ್, ಎಮಿರೇಟ್ಸ್ ಮತ್ತು ಒಮಾನ್ ಸೀಮೆಯ ಸಪೂರ ಮೈಯ ತಳಿ. ಇನ್ನೊಂದು ಕಡೆ ಇದ್ದಿಲು ಬಣ್ಣದ, ಎತ್ತರದ ನಿಲುವಿನ, ತುಟಿ ಜೋತುಬಿದ್ದ ಮಜಾಹೀಂ. ಎರಡಕ್ಕೂ ಬೇರೆ ಬೇರೆ ಸ್ಪರ್ಧೆ, ಬೇರೆ ಬೇರೆ ಅಳತೆ. ಮಜಾಯ್ನಾ ಎಂಬ ಈ ಚೆಲುವಿನ ಸ್ಪರ್ಧೆಯಲ್ಲಿ ತೀರ್ಪುಗಾರರು ತಲೆಯ ಗಾತ್ರ, ಕತ್ತಿನ ಉದ್ದ, ಕಿವಿಯ ನಿಲುವು, ಡುಬ್ಬ ಬೆನ್ನಿನ ಮೇಲೆ ಎಲ್ಲಿ ಕೂತಿದೆ ಎಂಬುದು, ಕೂದಲಿನ ಹೊಳಪು ಇವನ್ನೆಲ್ಲ ಒಂದೊಂದಾಗಿ ನೋಡುತ್ತಾರೆ. ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ತೀರ್ಮಾನಿಸುತ್ತಾರೆ. ಐದನೆಯ ವರ್ಷದ ಹೊತ್ತಿಗೆ ಮುಂದಿನ ಎರಡು ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬರುತ್ತವೆ, ಏಳರ ಸುಮಾರಿಗೆ ಸಾಲು ತುಂಬುತ್ತದೆ. ಗೆದ್ದ ಒಂಟೆಯ ತಲೆಗೂ ಕತ್ತಿಗೂ ಕೇಸರಿ ಬಳಿಯುತ್ತಾರೆ. ಸಂಜೆಯ ಹೊತ್ತಿಗೆ ಬಯಲಿನ ತುಂಬ ಕೇಸರಿಯ ವಾಸನೆ.

ಮೆರವಣಿಗೆಯಲ್ಲಿ ಕಣ್ಣು ಮೊದಲು ಹೋಗುವುದು ಹೆಣ್ಣುಗಳ ಮೇಲೆ. ಸಾಲಂಕೃತವಾಗಿ ಬರುವವು ಅವೇ, ಬಹುಮಾನಗಳಲ್ಲಿ ಹೆಚ್ಚಿನವು ಅವಕ್ಕೇ. ಆದರೆ ಹಿಂಡು ಕಟ್ಟಿದ ಮುದುಕರು ಒಂದು ಚೆಂದದ ಹೆಣ್ಣನ್ನು ಕಂಡ ತಕ್ಷಣ ಕೇಳುವ ಪ್ರಶ್ನೆ ಬೇರೆ. ಇದರ ಅಪ್ಪ ಯಾವುದು? ಆ ಅಪ್ಪನಿಗೆ ಇಲ್ಲಿಯವರು ಫಹಲ್ ಎನ್ನುತ್ತಾರೆ. ನಮ್ಮ ಕಡೆ ಬೀಜದ ಹೋರಿ, ಬೀಜದ ಟಗರು ಎಂದು ಯಾವುದನ್ನು ಹೇಳುತ್ತೇವೋ ಅದೇ.

ಫಹಲ್‌ನನ್ನು ಅವನ ಮನೆಯಲ್ಲೇ ನೋಡಬೇಕು. ಉತ್ಸವದ ಬಯಲಿನಿಂದ ದೂರ, ಡಾಂಬರು ಮುಗಿದು ಚಕ್ರದ ಜಾಡು ಮಾತ್ರ ಉಳಿಯುವ ಕಡೆ ಇಜ್ಬಾ ಎಂಬ ಒಂಟೆ ಹಟ್ಟಿಗಳಿವೆ. ಕಬ್ಬಿಣದ ಕೊಳವೆಗಳ ಬೇಲಿ, ತಗಡಿನ ನೆರಳು, ನೀರಿನ ಟ್ಯಾಂಕು, ಜತ್ ಎಂದು ಇಲ್ಲಿಯವರು ಕರೆಯುವ ಕುದುರೆಮಸಾಲೆ ಸೊಪ್ಪಿನ ಕಟ್ಟುಗಳು, ಬೇಲಿಯಾಚೆ ಒಂದೆರಡು ಗಾಫ್ ಮರ. ಒಂಟೆಗಳ ಜತೆ ರಾತ್ರಿ ಹಗಲು ಇರುವವರು ಸುಡಾನ್, ಪಾಕಿಸ್ತಾನ, ಬಾಂಗ್ಲಾದೇಶ, ಭಾರತದ ಕಡೆಯ ಕೆಲಸಗಾರರು. ಯಾವ ಒಂಟೆ ನಿನ್ನೆ ಮೇವು ಬಿಟ್ಟಿತು, ಯಾವುದರ ಕಣ್ಣಿನಲ್ಲಿ ನೀರು ಬಂತು ಎಂಬುದು ಯಜಮಾನನಿಗಿಂತ ಮೊದಲು ಅವರಿಗೆ ಗೊತ್ತು.

ನವೆಂಬರಿನಿಂದ ಮಾರ್ಚಿನವರೆಗೆ ಫಹಲ್ ಬೇರೆಯದೇ ಪ್ರಾಣಿ. ಬೇಸಿಗೆಯಲ್ಲಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತ ಕೂತಿದ್ದವನಿಗೆ ಚಳಿ ಬೀಳುತ್ತಿದ್ದಂತೆ ಮದವೇರುತ್ತದೆ. ಬಾಯಲ್ಲಿ ನೊರೆ. ಗಂಟಲಿನಾಳದಿಂದ ಗುಡುಗುಡು ಸದ್ದು. ಆ ಸದ್ದಿನೊಂದಿಗೆ ಅಂಗುಳಿನ ಮೃದುಭಾಗವೊಂದು ಗಾಳಿ ತುಂಬಿಕೊಂಡು, ಬಾಯ ಪಕ್ಕದಿಂದ ಕೆಂಪಗೆ ಹೊರಗೆ ಜೋಲುತ್ತದೆ. ಮೊದಲ ಸಲ ನೋಡಿದವರು ನಾಲಿಗೆಗೆ ಏನೋ ಆಗಿದೆ ಎಂದು ಹೆದರುತ್ತಾರೆ. ತಲೆಯ ಹಿಂಬದಿಯ ಗ್ರಂಥಿಗಳಿಂದ ಕಡು ಕಂದು ದ್ರವ ಕತ್ತಿನ ಮೇಲೆ ಇಳಿದು ಘಾಟು ಹರಡುತ್ತದೆ. ಹಿಂಗಾಲು ಅಗಲಿಸಿ ನಿಂತು ಬಾಲವನ್ನು ಮೂತ್ರದಲ್ಲಿ ನೆನೆಸಿ ಬೆನ್ನಿಗೆ ಪಟಪಟನೆ ಬಡಿದುಕೊಳ್ಳುತ್ತಾನೆ. ಮೇವಿನ ಮೇಲೆ ಮನಸ್ಸಿರುವುದಿಲ್ಲ. ಋತು ಮುಗಿಯುವ ಹೊತ್ತಿಗೆ ಪಕ್ಕೆಲುಬು ಕಾಣುವಷ್ಟು ಇಳಿದುಹೋಗಿರುತ್ತಾನೆ. ಐದಾರು ನೂರು ಕಿಲೋ ತೂಗುವ ಈ ದೇಹದ ಹತ್ತಿರಕ್ಕೆ ಆ ದಿನಗಳಲ್ಲಿ ಪರಿಚಯದ ಕೆಲಸಗಾರ ಕೂಡ ಎಚ್ಚರದಿಂದಲೇ ಹೋಗುತ್ತಾನೆ. ಒಂಟೆ ಕಚ್ಚಿದರೆ ಮೂಳೆ ಮುರಿಯುತ್ತದೆ.

ಇಂಥ ಒಬ್ಬನಿಗೆ ಒಂದು ಋತುವಿನಲ್ಲಿ ಐವತ್ತರವರೆಗೂ ಹೆಣ್ಣುಗಳನ್ನು ಬಿಡುವುದುಂಟು. ಹೆಣ್ಣೊಂಟೆ ಗಬ್ಬ ಹೊರುವುದು ಹದಿಮೂರು ತಿಂಗಳು. ಈದ ಮೇಲೆ ಮರಿ ಸಾಕಿ ಮತ್ತೆ ಗಬ್ಬವಾಗುವುದರಲ್ಲಿ ಎರಡು ವರ್ಷ ಕಳೆಯುತ್ತದೆ. ಹೀಗಾಗಿ ಒಳ್ಳೆಯ ತಾಯಿ ಬದುಕಿಡೀ ಹಡೆದರೂ ಹತ್ತು ಮರಿಯ ಆಸುಪಾಸು, ಗಂಡಾದರೋ ಎರಡೇ ಚಳಿಗಾಲಗಳಲ್ಲಿ ಅದರ ಎಷ್ಟೋ ಪಟ್ಟು ಮರಿಗಳಿಗೆ ಅಪ್ಪನಾಗುತ್ತಾನೆ. ತಪ್ಪು ಹೆಣ್ಣನ್ನು ಇಟ್ಟುಕೊಂಡರೆ ನಷ್ಟ ಒಂದು ಮೂಲೆಯಲ್ಲಿ ನಿಲ್ಲುತ್ತದೆ. ತಪ್ಪು ಗಂಡನ್ನು ಆರಿಸಿದರೆ ಇಡೀ ಹಿಂಡಿಗೆ ಹರಡಿ, ಎರಡು ತಲೆಮಾರು ಕಳೆದರೂ ಹೋಗುವುದಿಲ್ಲ.

ಆದ್ದರಿಂದ ಆಯ್ಕೆ ಕಾಲಿನಿಂದ ಶುರುವಾಗುತ್ತದೆ. ಅನುಭವಿಗಳು ಒಂಟೆಯನ್ನು ಮೊದಲು ನಡೆಸುತ್ತಾರೆ. ಮುಂಗಾಲು ನೆಟ್ಟಗಿದೆಯೇ, ಮೊಣಕಾಲು ಒಂದಕ್ಕೊಂದು ತಾಗುತ್ತದೆಯೇ, ಹಿಂಗಾಲಿನ ಹೆಜ್ಜೆ ಎಲ್ಲಿ ಬೀಳುತ್ತದೆ ಎಂದು ನೋಡುತ್ತಾರೆ. ಆಮೇಲೆ ಕೂರಿಸಿ, ಎದೆಯಡಿಯ ಗಟ್ಟಿ ಮೆತ್ತೆ ಹೇಗಿದೆ ಎಂದು ನೋಡುತ್ತಾರೆ. ಕೂತಾಗ ಮೈಭಾರ ಹೊರುವುದು ಅದೇ. ಕೂಡುವಾಗಲೂ ಒಂಟೆಗಳು ಕೂತೇ ಕೂಡುವುದರಿಂದ ಆ ಮೆತ್ತೆಯೂ ಮಂಡಿಗಳೂ ಸರಿಯಿಲ್ಲದ ಗಂಡು ಎಷ್ಟು ಚೆಂದವಿದ್ದರೂ ಕೆಲಸಕ್ಕಿಲ್ಲ. ಎರಡು ವೃಷಣಗಳೂ ಒಂದೇ ಅಳತೆಯಲ್ಲಿ, ಮುಟ್ಟಿದರೆ ಗಟ್ಟಿಯಾಗಿ ಇರಬೇಕು. ದವಡೆ ಓರೆಯಿರಬಾರದು. ಮೂರು ನಾಲ್ಕು ವರ್ಷಕ್ಕೇ ಪ್ರಾಯಕ್ಕೆ ಬಂದರೂ ಆರು ವರ್ಷ ತುಂಬುವವರೆಗೆ ಪೂರ್ತಿ ಹಿಂಡನ್ನು ಅವನ ಮೇಲೆ ಹಾಕುವುದಿಲ್ಲ. ಮೊದಲು ಕೆಲವೇ ಹೆಣ್ಣುಗಳನ್ನು ಕೊಟ್ಟು ಕಾಯುತ್ತಾರೆ.

ಆ ಕಾಯುವಿಕೆಯಲ್ಲೇ ಈ ವಿದ್ಯೆಯ ಸಾರವಿದೆ. ಗಂಡಿನ ಮೈಯಲ್ಲಿ ಕಾಣುವುದೆಲ್ಲ ಮರಿಗೆ ಇಳಿಯುವುದಿಲ್ಲ. ಒಳ್ಳೆಯ ಮೇವು, ಒಳ್ಳೆಯ ಆರೈಕೆ ಸಾಧಾರಣ ಒಂಟೆಯನ್ನೂ ಮಿಂಚಿಸುತ್ತವೆ. ಮೋಸವೂ ಮಿಂಚಿಸುತ್ತದೆ. 2021ರ ಡಿಸೆಂಬರಿನಲ್ಲಿ ಸೌದಿ ಅರೇಬಿಯಾದ ದೊಡ್ಡ ಒಂಟೆ ಉತ್ಸವದಲ್ಲಿ ತುಟಿ, ಮೂಗುಗಳಿಗೆ ಬೊಟಾಕ್ಸ್ ಮುಂತಾದ ಚುಚ್ಚುಮದ್ದು ಹಾಕಿಸಿದ್ದ ನಲವತ್ತಕ್ಕೂ ಹೆಚ್ಚು ಒಂಟೆಗಳನ್ನು ಸ್ಪರ್ಧೆಯಿಂದ ಹೊರಹಾಕಿದರು. ಚುಚ್ಚಿ ಉಬ್ಬಿಸಿದ ತುಟಿ ಮರಿಗೆ ಬರುವುದಿಲ್ಲ. ಹಿಂಡು ಕಟ್ಟುವವನಿಗೆ ಬೇಕಾದದ್ದು ಮರಿಗೆ ಬರುವ ಗುಣ, ಅದಕ್ಕೆ ಮರಿಯೇ ಸಾಕ್ಷಿ.

ದುಬೈನ ಹೊರವಲಯದ ಉಮ್ಮ್ ನಹದ್‌ನಲ್ಲಿ ಈ ಮಾತು ಹಾಲಿನ ರೂಪದಲ್ಲಿ ಕಾಣುತ್ತದೆ. 2006ರಲ್ಲಿ ಶುರುವಾದ ಕ್ಯಾಮೆಲಿಶಿಯಸ್ ಹೈನುಮನೆಯಲ್ಲಿ ಸಾವಿರಾರು ಒಂಟೆಗಳನ್ನು ಯಂತ್ರದಿಂದ ಕರೆಯುತ್ತಾರೆ. ಬೆಳಗಿನ ಜಾವ ಸಾಲಾಗಿ ಕಟ್ಟೆ ಹತ್ತಿ ಬರುವ ತಾಯಂದಿರು, ಕೆಚ್ಚಲಿಗೆ ಹಾಲಿಳಿಯುವ ಆ ಒಂದೆರಡು ನಿಮಿಷ, ಕೊಳವೆಯಲ್ಲಿ ತೆಳ್ಳಗೆ ಓಡುವ ಬಿಳಿ ಹಾಲು. ಗಂಡು ಹಾಲು ಕೊಡುವುದಿಲ್ಲ, ಆದರೂ ಮಗಳ ಕೆಚ್ಚಲಿನ ಅರ್ಧ ಅವನದು. ಅವನ ಯೋಗ್ಯತೆ ತಿಳಿಯಬೇಕಾದರೆ ಅವನ ತಾಯಿಯ ಹಾಲಿನ ಲೆಕ್ಕ ತೆಗೆಯಬೇಕು, ಅಕ್ಕತಂಗಿಯರ ಲೆಕ್ಕ ನೋಡಬೇಕು, ಕೊನೆಗೆ ಅವನ ಹೆಣ್ಣುಮಕ್ಕಳು ಈದು ಕರೆಯುವವರೆಗೆ ಕಾಯಬೇಕು. ಓಟದ ಒಂಟೆಗಳಲ್ಲಿಯೂ ಅಷ್ಟೆ. ದುಬೈನ ಅಲ್ ಮರ್ಮೂಮ್, ಅಬುಧಾಬಿಯ ಅಲ್ ವತ್ಬಾ ಮೈದಾನಗಳಲ್ಲಿ ಬೆನ್ನ ಮೇಲೆ ಪುಟ್ಟ ಯಂತ್ರದ ಸವಾರನನ್ನು ಹೊತ್ತು ಓಡುವ ಎಳೆಯ ಹೆಣ್ಣುಗಳು ಗುರಿ ಮುಟ್ಟಿದಾಗ ಅವುಗಳ ಅಪ್ಪನ ಬೆಲೆ ಏರುತ್ತದೆ.

ಇನ್ನು ಕೂದಲಿನ ಎಳೆಗೆ ಬರೋಣ. ಒಂಟೆ ಎಂದರೆ ಹಾಲು, ಓಟ, ಮಾಂಸ ಎಂದುಕೊಳ್ಳುವವರು ಅಬುಧಾಬಿಯ ಕಸ್ರ್ ಅಲ್ ಹೊಸ್ನ್ ಕೋಟೆಯ ಪಕ್ಕದ ಕುಶಲಕರ್ಮಿಗಳ ಮನೆಗೆ ಹೋಗಬೇಕು. ಅಲ್ಲಿ ಹಿರಿಯ ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತು, ಗೂಟಗಳ ನಡುವೆ ಬಿಗಿದ ಮಗ್ಗದಲ್ಲಿ ಸಾದು ನೇಯುತ್ತಾರೆ. ಕುರಿಯ ಉಣ್ಣೆ, ಆಡಿನ ಕೂದಲು, ಒಂಟೆಯ ಕೂದಲು. ವಸಂತದಲ್ಲಿ ಒಂಟೆ ಚಳಿಗಾಲದ ಕೂದಲನ್ನು ಉದುರಿಸುತ್ತದೆ. ಅದನ್ನು ಕೂಡಿಟ್ಟು, ಬಿಡಿಸಿ, ಕದಿರಿನಲ್ಲಿ ನೂತು, ಕಪ್ಪು, ಬಿಳಿ, ಕಂದು, ಕೆಂಪು ಪಟ್ಟೆಗಳಲ್ಲಿ ತ್ರಿಕೋನ, ವಜ್ರಾಕಾರಗಳನ್ನು ಮೂಡಿಸುತ್ತಾರೆ. ಗುಡಾರದ ಪರದೆ, ಒಂಟೆಯ ಬೆನ್ನಿನ ಹಾಸು, ಜೀನಿನ ಪಟ್ಟಿ ಎಲ್ಲ ಇದರಿಂದಲೇ. ಸಾದುವನ್ನು ಯುನೆಸ್ಕೋ 2011ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಂದು ಡುಬ್ಬದ ಅರಬ್ಬೀ ಒಂಟೆಯಲ್ಲಿ ನಯವಾದ ಒಳಕೂದಲು ಕಡಿಮೆ. ಮಂಗೋಲಿಯಾದ ಎರಡು ಡುಬ್ಬದ ಒಂಟೆಯಲ್ಲಿ ಅದು ಧಾರಾಳ. ಆದರೆ ಎಳೆಗಾಗಿಯೇ ಗಂಡನ್ನು ಆರಿಸುವ ವಿದ್ಯೆ ನಿಜವಾಗಿ ಬೆಳೆದದ್ದು ಈ ಕುಲದ ಇನ್ನೊಂದು ಕವಲಿನಲ್ಲಿ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಅಲ್ಪಾಕಾದಲ್ಲಿ.

ಒಂಟೆಗೂ ಅಲ್ಪಾಕಾಕ್ಕೂ ಮೂಲ ಒಂದೇ. ಈ ಕುಲ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ. ಒಂದು ಶಾಖೆ ಏಷ್ಯಾದ ಕಡೆ ನಡೆದು ಒಂಟೆಯಾಯಿತು, ಇನ್ನೊಂದು ದಕ್ಷಿಣಕ್ಕೆ ಇಳಿದು ಗ್ವಾನಾಕೋ, ವಿಕೂನ್ಯಾ ಆಯಿತು. ಅವುಗಳಿಂದ ಮನುಷ್ಯ ಲಾಮಾವನ್ನೂ ಅಲ್ಪಾಕಾವನ್ನೂ ಪಳಗಿಸಿದ. ಕೋಟ್ಯಂತರ ವರ್ಷ ಅಗಲಿದ್ದರೂ ಎಲ್ಲಕ್ಕೂ 74 ಕ್ರೋಮೋಸೋಮುಗಳು, ಎಲ್ಲದರ ಕೆಂಪು ರಕ್ತಕಣವೂ ಮೊಟ್ಟೆಯಾಕಾರ, ಎಲ್ಲವೂ ಕೂತೇ ಕೂಡುತ್ತವೆ. ಗಬ್ಬವಾದ ಒಂಟೆ ಗಂಡು ಹತ್ತಿರ ಬಂದರೆ ಬಾಲ ಎತ್ತಿ ಸುರುಳಿ ಮಾಡುತ್ತದೆ, ಗಬ್ಬವಾದ ಅಲ್ಪಾಕಾ ಉಗಿದು ಓಡಿಸುತ್ತದೆ. ಎರಡೂ ಕಡೆಯ ಸಾಕಣೆದಾರರಿಗೆ ಮೊದಲ ಗರ್ಭಪರೀಕ್ಷೆ ಇದೇ.

ಈ ನೆಂಟಸ್ತನಕ್ಕೆ ದುಬೈಯಲ್ಲೇ ಜೀವಂತ ಸಾಕ್ಷಿ ಹುಟ್ಟಿತು. 1998ರ ಜನವರಿ 14ರಂದು ಅಲ್ಲಿನ ಒಂಟೆ ಸಂತಾನ ಕೇಂದ್ರದಲ್ಲಿ, ಲುಲು ಸ್ಕಿಡ್‌ಮೋರ್ ನೇತೃತ್ವದ ತಂಡದ ಕೈಯಲ್ಲಿ ರಾಮಾ ಎಂಬ ಗಂಡುಮರಿ ಕಣ್ಣು ಬಿಟ್ಟಿತು. ಅಪ್ಪ ಅರಬ್ಬೀ ಒಂಟೆ, ಅಮ್ಮ ಲಾಮಾ ಕುಲದವಳು. ಗಾತ್ರದ ಅಂತರ ಅಷ್ಟಿದ್ದುದರಿಂದ ಕೃತಕ ಗರ್ಭಧಾರಣೆಯೊಂದೇ ದಾರಿ. ಡುಬ್ಬವಿಲ್ಲ, ಕಿವಿ ಒಂಟೆಯಂತೆ ಚಿಕ್ಕದು, ಪಾದ ಲಾಮಾದಂತೆ ಸೀಳಿದ್ದು, ಮೈತುಂಬ ಉಣ್ಣೆ. ಒಂಟೆಯ ಗಾತ್ರ, ಬಲದ ಜತೆ ಲಾಮಾದ ಉಣ್ಣೆ ಮತ್ತು ಸಾಧು ಸ್ವಭಾವ ಒಂದೇ ಮೈಯಲ್ಲಿ ಬರಲಿ ಎಂಬುದು ಆಸೆ. ರಾಮಾ ಬೆಳೆದು ಸಿಡುಕಿನವನಾದ. ಅಪ್ಪ ಅಮ್ಮರಲ್ಲಿ ನಮಗೆ ಬೇಕಾದ ಗುಣಗಳನ್ನಷ್ಟೇ ಆರಿಸಿ ಮರಿಯಲ್ಲಿ ಒಂದೇ ಏಟಿಗೆ ಇಡಲು ಬರುವುದಿಲ್ಲ ಎಂಬುದನ್ನು ಅವನು ಬದುಕಿಯೇ ತೋರಿಸಿದ.

ಅಲ್ಪಾಕಾ ಸಾಕುವವರು ಆ ಕೆಲಸವನ್ನು ತಾಳ್ಮೆಯಿಂದ, ತಲೆಮಾರು ತಲೆಮಾರಾಗಿ ಮಾಡುತ್ತಾರೆ. ಗಂಡಿನ ಪಕ್ಕೆಯ ನಡುಭಾಗದಿಂದ ಒಂದು ಹಿಡಿ ಉಣ್ಣೆ ತೆಗೆದು ಎಳೆಯ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಇಪ್ಪತ್ತರ ಆಸುಪಾಸಿನ ಎಳೆ ಕತ್ತಿಗೆ ಸುತ್ತಿದರೆ ಹಾಯೆನಿಸುತ್ತದೆ, ಮೂವತ್ತು ದಾಟಿದ್ದು ಚುಚ್ಚುತ್ತದೆ. ಆದರೆ ಒಂದು ಅಂಕೆಗೆ ಮರುಳಾದರೆ ಕೆಟ್ಟರು. ಭುಜದಿಂದ ತೊಡೆಯವರೆಗೆ ಎಳೆ ಒಂದೇ ಸಮವಾಗಿದೆಯೇ, ಒಂದು ಅಂಗುಲ ಚರ್ಮದಲ್ಲಿ ಎಷ್ಟು ಒತ್ತಾಗಿದೆ, ನಡುವೆ ಒರಟು ಕೂದಲು ಸೇರಿದೆಯೇ, ಕಾಲು ಕತ್ತುಗಳವರೆಗೆ ಹರಡಿದೆಯೇ ಎಂದೆಲ್ಲ ನೋಡಬೇಕು. ವಯಸ್ಸಾದಂತೆ, ಮೇವು ಹೆಚ್ಚಿದಂತೆ ಎಳೆ ದಪ್ಪವಾಗುತ್ತದೆ. ಆದ್ದರಿಂದ ಮೊದಲ ಕತ್ತರಿಯ ರೇಷ್ಮೆಯಂಥ ಉಣ್ಣೆ ನೋಡಿ ತೀರ್ಮಾನಿಸದೆ ಮೂರನೆಯ, ನಾಲ್ಕನೆಯ ಕತ್ತರಿಯವರೆಗೂ ನಯ ಉಳಿಸಿಕೊಂಡ ಗಂಡನ್ನು ಹುಡುಕುತ್ತಾರೆ. ಮೂತಿ ಓರೆಯಾದದ್ದು, ಕೆಳಹಲ್ಲು ಮುಂದೆ ಚಾಚಿದ್ದು, ಒಂದೇ ವೃಷಣವಿರುವುದು ಎಷ್ಟೇ ನಯವಾಗಿದ್ದರೂ ಬೀಜಕ್ಕೆ ಬೇಡ. ಪೆರುವಿನ ಮಾಕುಸಾನಿಯ ಅಕ್ಕೋಯೋ ಎಸ್ಟೇಟಿನಲ್ಲಿ ಡಾನ್ ಹೂಲಿಯೋ ಬರೇದಾ ದಶಕಗಟ್ಟಲೆ ಇದೇ ಕಟ್ಟುನಿಟ್ಟಿನಿಂದ ಗಂಡುಗಳನ್ನು ಆರಿಸಿ ಕಟ್ಟಿದ ಹಿಂಡು ಜಗತ್ತಿನಾದ್ಯಂತ ಅಲ್ಪಾಕಾ ಸಾಕುವವರ ಬಾಯಲ್ಲಿದೆ.

ವಿಜ್ಞಾನ ಈ ಹಳೆಯ ಆಯ್ಕೆಗೆ ಹೊಸ ಕೈಗಳನ್ನು ಕೊಟ್ಟಿದೆ, ಅದರಲ್ಲಿ ದುಬೈ ಮುಂದೆ ನಿಂತಿದೆ. ಆಕಳಿಗೆ ಮಾಡಿದಂತೆ ಒಂಟೆಗೆ ಕೃತಕ ಗರ್ಭಧಾರಣೆ ಮಾಡುವುದು ಸುಲಭವಲ್ಲ. ಒಂಟೆ, ಅಲ್ಪಾಕಾಗಳ ವೀರ್ಯ ಅಂಟಂಟು, ಅದನ್ನು ತೆಳುಮಾಡಿ ಘನೀಕರಿಸಿ ಇಡುವುದು ಕಷ್ಟ. ಹೆಣ್ಣಿಗೆ ತಿಂಗಳ ಲೆಕ್ಕದಲ್ಲಿ ಅಂಡ ಬಿಡುಗಡೆಯೂ ಆಗುವುದಿಲ್ಲ. ಕೂಡಿದ ಮೇಲೆಯೇ ಆಗುತ್ತದೆ. ಗಂಡಿನ ವೀರ್ಯದಲ್ಲಿಯೇ ಇರುವ ಒಂದು ಪ್ರೋಟೀನು ಅದಕ್ಕೆ ಕಾರಣ ಎಂಬುದು 2012ರಲ್ಲಿ ಖಚಿತವಾಯಿತು. ಆದ್ದರಿಂದ ಇಲ್ಲಿನ ವಿಜ್ಞಾನಿಗಳು ಭ್ರೂಣ ವರ್ಗಾವಣೆಯ ದಾರಿ ಹಿಡಿದರು. ಆರಿಸಿದ ಗಂಡಿನಿಂದ ಆರಿಸಿದ ಹೆಣ್ಣಿನಲ್ಲಿ ಹಲವು ಭ್ರೂಣ ಪಡೆದು ಸಾಧಾರಣ ಒಂಟೆಗಳ ಗರ್ಭದಲ್ಲಿ ಬೆಳೆಸುವುದು ಈಗ ದಿನನಿತ್ಯದ ಕೆಲಸ. 2009ರ ಏಪ್ರಿಲ್ 8ರಂದು ಜಗತ್ತಿನ ಮೊದಲ ತದ್ರೂಪಿ ಒಂಟೆ ಇಂಜಾಜ್ ದುಬೈಯಲ್ಲಿ ಹುಟ್ಟಿತು. ಆ ಕೆಲಸದ ಮುಂದಾಳು ನಮ್ಮ ಕಾಶ್ಮೀರದ ಡಾ. ನಿಸಾರ್ ಅಹ್ಮದ್ ವಾನಿ. ಮರುವರ್ಷ ಬಿನ್ ಸೌಗಾನ್ ಎಂಬ ಗಂಡು ತದ್ರೂಪಿ ಬಂತು. ಸತ್ತ ಫಹಲ್‌ನನ್ನೂ ಮತ್ತೆ ಹುಟ್ಟಿಸುವ ಕಾಲ ಹೀಗೆ ಕಣ್ಣೆದುರಿಗೆ ಬಂದಿದೆ.

ಇನ್ನು ಆಯ್ಕೆಯಾಗದವರ ಕಡೆ ನೋಡಬೇಕು. ಅಲ್ ಐನ್‌ನ ಒಂಟೆ ಸಂತೆ ಊರಿನ ಹೊರಗೆ, ದೊಡ್ಡ ಮಾಲೊಂದರ ಬೆನ್ನಿಗಿದೆ. ಬೇಲಿ ಬೇಲಿಗೂ ಬೇರೆ ಮಾಲೀಕರು. ಪಿಕಪ್ ಗಾಡಿಗಳು ಹಿಮ್ಮುಖವಾಗಿ ಬಂದು ನಿಲ್ಲುತ್ತವೆ, ಮೊಣಕಾಲಿಗೆ ಹಗ್ಗ ಬಿಗಿದ ಮರಿಗಳನ್ನು ಎತ್ತಿ ಹಾಕುತ್ತಾರೆ, ಧೂಳಿನಲ್ಲಿ ಅರೇಬಿಕ್, ಉರ್ದು, ಮಲಯಾಳದ ಚೌಕಾಸಿ ಬೆರೆಯುತ್ತದೆ. ಇಲ್ಲಿ ಹೆಚ್ಚಾಗಿ ಕಾಣುವುದು ಎಳೆಯ ಗಂಡುಗಳು. ಅವು ಮಾಂಸಕ್ಕೆ ಹೋಗುತ್ತವೆ. ನೂರು ಗಂಡುಮರಿಗಳಲ್ಲಿ ಬೀಜಕ್ಕೆ ಉಳಿಯುವುದು ಕೈಬೆರಳೆಣಿಕೆಯಷ್ಟು. ಇದು ಕ್ರೂರವೆಂದು ತೋರಬಹುದು, ಆದರೆ ಹಿಂಡು ಸಾಕಿದ ಎಲ್ಲ ನಾಡುಗಳ ಸತ್ಯ ಇದೇ. ಹಾಗಿರುವಾಗ ಆ ಕೆಲವನ್ನು ಯಾವ ಕಣ್ಣಿನಿಂದ ಆರಿಸುತ್ತೇವೆ ಎಂಬುದರ ಹೊಣೆ ಇನ್ನೂ ದೊಡ್ಡದು.

ಆ ಕಣ್ಣು ಕಿರಿದಾದರೆ ಏನಾಗುತ್ತದೆ ಎಂಬುದಕ್ಕೆ ಪೆರುವೇ ಪಾಠ. ಗಿರಣಿಗಳಿಗೆ ಬಣ್ಣ ಹಾಕಲು ಸುಲಭವಾದ ಬಿಳಿ ಉಣ್ಣೆ ಬೇಕಿತ್ತು. ಸಾಕಣೆದಾರರು ಬಿಳಿ ಗಂಡನ್ನೇ ಉಳಿಸಿದರು. ಕಪ್ಪು, ಕಂದು, ಬೂದು ಬಣ್ಣದ ಸಹಜ ಎಳೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಈಗ ಪುನೋ ಪ್ರಾಂತದ ಕಿಮ್ಸಾಚಾತಾದಲ್ಲಿ ಸರ್ಕಾರವೇ ಬಣ್ಣದ ಅಲ್ಪಾಕಾಗಳ ಹಿಂಡನ್ನು ಕಾಪಾಡಿಕೊಂಡು ಬರುತ್ತಿದೆ. ಅದೇ ಪೆರುವಿನ ಎಲ್ ಯಾರಾಲ್‌ನಲ್ಲಿ ಸಾವಿರ ವರ್ಷ ಹಿಂದಿನ ಅಲ್ಪಾಕಾ, ಲಾಮಾಗಳ ಒಣಗಿದ ದೇಹಗಳು ಸಿಕ್ಕಿವೆ. ಸಂಶೋಧಕಿ ಜೇನ್ ವೀಲರ್ ಅವುಗಳ ಉಣ್ಣೆಯನ್ನು ಪರೀಕ್ಷಿಸಿದಾಗ ಇಂದಿನದಕ್ಕಿಂತ ನಯವಾದ, ಹೆಚ್ಚು ಸಮನಾದ ಎಳೆ ಕಂಡಿತು. ಸ್ಪೇನಿನ ದಾಳಿಯ ನಂತರ ಆ ಜ್ಞಾನವೂ ಹಿಂಡುಗಳೂ ಚದುರಿ, ತಳಿಗಳು ಬೆರೆತುಹೋದವು. ನೂರಾರು ವರ್ಷ ಕಟ್ಟಿದ್ದನ್ನು ಕೆಲವೇ ತಲೆಮಾರುಗಳಲ್ಲಿ ಕಳೆಯಬಹುದು. ಒಬ್ಬನೇ ಗೆದ್ದ ಫಹಲ್‌ನನ್ನು ತದ್ರೂಪಿಯಾಗಿ, ಭ್ರೂಣವಾಗಿ ನೂರು ಕಡೆ ಹರಡಿದರೆ ಮುಂದಿನ ತಲೆಮಾರಿಗೆ ಎಲ್ಲೆಲ್ಲೂ ಅಣ್ಣತಂಗಿಯರೇ ಎದುರಾಗುತ್ತಾರೆ. ಅವನಲ್ಲಿ ಅಡಗಿದ್ದ ಒಂದು ದೋಷವೂ ಅವನೊಂದಿಗೆ ನೂರು ಕಡೆ ಹೋಗುತ್ತದೆ.

ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಟಿಪ್ಪುವಿನ ಅಮೃತಮಹಲಿನವರೆಗೆ ಹೋರಿಯ ಆಯ್ಕೆ ರಾಜ್ಯದ ಕೆಲಸವಾಗಿತ್ತು. ಅಜ್ಜಂಪುರದಲ್ಲಿ ಆ ತಳಿಯನ್ನು ಇಂದಿಗೂ ಸಾಕುತ್ತಾರೆ. ಹಳ್ಳಿಕಾರ್ ಹೋರಿ ಕಟ್ಟುವವರು, ಡೆಕ್ಕನಿ ಕುರಿಯ ಕಂಬಳಿ ನೇಯುವ ಹಾಲುಮತದವರು ಇದೇ ಪ್ರಶ್ನೆಯನ್ನು ತಮ್ಮ ರೀತಿಯಲ್ಲಿ ಕೇಳಿಕೊಂಡು ಬಂದವರು. ಎಮಿರೇಟ್ಸ್‌ನಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರು ಒಂದು ಚಳಿಗಾಲ ಮದೀನತ್ ಜಾಯೆದ್‌ಗೋ ಅಲ್ ಐನ್ ಸಂತೆಗೋ ಹೋಗಿ ನೋಡಲಿ. ಊರಿನಲ್ಲಿ ಹಿಂಡು ಸಾಕುವವರು ಮೂರು ಮಾತು ನೆನಪಿಡಲಿ. ಗಂಡನ್ನು ಅವನ ಮೈ ನೋಡಿ ಮೊದಲ ಸುತ್ತಿಗೆ ಆರಿಸಿ, ಅವನ ಮಕ್ಕಳನ್ನು ನೋಡಿ ಕೊನೆಗೆ ಉಳಿಸಿಕೊಳ್ಳಿ. ಯಾವ ಮರಿಯ ಅಪ್ಪ ಯಾರು ಎಂಬುದನ್ನು ಬರೆದಿಡಿ. ಎಷ್ಟೇ ಒಳ್ಳೆಯವನಾದರೂ ಒಬ್ಬನನ್ನೇ ನಂಬದೆ, ಬೇರೆ ಬೇರೆ ರಕ್ತದ ಗಂಡುಗಳನ್ನು ಉಳಿಸಿಕೊಳ್ಳಿ.